ಪರೀಕ್ಷೆಯು ಲೈನ್‌ಮನೆಯ ಬಾಗಿಲಿಗೆ ಬರಲಿ

ಗರ್ಭಕಂಠದ ಕ್ಯಾನ್ಸರು ಸ್ತ್ರೀಯರಿಗೆ ವಿಧಿಲಿಖಿತವೆಂದು ಕೈಕಟ್ಟಿ ಕುಳಿತಿರುವ ಕಾಲವು ಎಂದೋ ಕಳೆದುಹೋಯಿತು. ಎಚ್.ಪಿ.ವಿ. ಎಂಬ ವೈರಾಣುವು ಗರ್ಭಕಂಠದಲ್ಲಿ ನೆಲೆಯೂರಿದರೆ, ಅದರಿಂದ ಕ್ಯಾನ್ಸರು ಬೆಳೆಯಲು ಸಾಮಾನ್ಯವಾಗಿ ಹದಿನೈದು ಇಪ್ಪತ್ತು ವರ್ಷಗಳು ಹಿಡಿಯುತ್ತವೆ. ಇಷ್ಟು ದೀರ್ಘವಾದ ವಾಯಿದೆಯನ್ನು ಕೊಟ್ಟು ಬರುವ ಮಾರಿಯು ಮತ್ತೊಂದುಂಟೆ? ಹೀಗಿದ್ದೂ 2022ರ ಅಂದಾಜಿನಂತೆ ಆ ಒಂದೇ ವರ್ಷದಲ್ಲಿ ಭಾರತದ ಸುಮಾರು 1,27,000 ಸ್ತ್ರೀಯರು ಈ ರೋಗಕ್ಕೆ ತುತ್ತಾದರು. ಸುಮಾರು 80,000 ಮಂದಿ ಮೃತರಾದರು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು ಕಂಡುಕೊಂಡಂತೆ, 30ರಿಂದ 49 ವರ್ಷದ ಸ್ತ್ರೀಯರಲ್ಲಿ ಒಮ್ಮೆಯಾದರೂ ಪರೀಕ್ಷೆಗೆ ಒಳಗಾದವರು ನೂರಕ್ಕೆ ಇಬ್ಬರೂ ಇಲ್ಲ. ನಾಚಿಕೆಪಡತಕ್ಕ ಅಂಕಿಯಿದು.

ಕೊಡಗಿನ ಮಾದಾಪುರದ ಸುತ್ತಣ ಕಾಫಿತೋಟಗಳನ್ನು ವಾಚಕರು ನೆನೆಯಲಿ. ಲೈನ್‌ಮನೆಯಲ್ಲಿ ವಾಸಿಸುವ ಹೆಣ್ಣಾಳಿಗೆ ಮಡಿಕೇರಿಯ ಆಸ್ಪತ್ರೆಗೆ ಹೋಗಿಬರುವುದೆಂದರೆ ಒಂದು ದಿನದ ಕೂಲಿಗೆ ಸಂಚಕಾರ. ರೋಗದ ಮೊದಲ ಹಂತದಲ್ಲಿ ನೋವೂ ಇಲ್ಲ, ಜ್ವರವೂ ಇಲ್ಲ. ನೋವಿಲ್ಲದ ದೇಹವನ್ನು ವೈದ್ಯರಿಗೆ ತೋರಿಸಲು ಕೂಲಿ ಬಿಟ್ಟು ಹೋಗುವವರಾರು? ಕಾಲವಲ್ಲದ ಕಾಲದಲ್ಲಿ ರಕ್ತ ಕಂಡ ಮೇಲೂ ಲಜ್ಜೆಯಿಂದ ಮುಚ್ಚಿಟ್ಟುಕೊಂಡು, ಸಹಿಸಲಾರದಾದಾಗ ಮೈಸೂರಿಗೋ ಬೆಂಗಳೂರಿಗೋ ಹೊರಡುವಷ್ಟರಲ್ಲಿ ಕಾಲವು ಮಿಂಚಿರುತ್ತದೆ.

ಪರೀಕ್ಷೆಯ ವಿಧಾನಗಳು ಮುಖ್ಯವಾಗಿ ಮೂರು. ಜೀವಕೋಶಗಳನ್ನು ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡುವ ಪ್ಯಾಪ್ ಪರೀಕ್ಷೆಯು ಅತ್ಯಂತ ಹಳೆಯದು. ಇದಕ್ಕೆ ಪ್ರಯೋಗಾಲಯವೂ ನುರಿತ ಕಣ್ಣೂ ಬೇಕು. ಎರಡನೆಯದರಲ್ಲಿ ತಿಳಿಯಾದ ಅಸಿಟಿಕ್ ಆಮ್ಲವನ್ನು ಲೇಪಿಸಿ ಒಂದು ನಿಮಿಷ ಕಾಯ್ದರೆ, ದೋಷವುಳ್ಳ ಭಾಗವು ಬರಿಗಣ್ಣಿಗೇ ಬೆಳ್ಳಗೆ ಕಾಣುವುದು. ಮೂರನೆಯದು ವೈರಾಣುವನ್ನೇ ಹುಡುಕುವ ಎಚ್.ಪಿ.ವಿ. ಪರೀಕ್ಷೆ; ಇದರ ಮಾದರಿಯನ್ನು ಸ್ತ್ರೀಯು ತಾನೇ ಮರೆಯಲ್ಲಿ ತೆಗೆದುಕೊಡಬಹುದು. ಲಜ್ಜೆಯ ಅಡ್ಡಿಯೂ ಅಲ್ಲಿಗೆ ಬಹುಮಟ್ಟಿಗೆ ತೀರಿತು.

ಇವುಗಳಲ್ಲಿ ಎಚ್.ಪಿ.ವಿ. ಪರೀಕ್ಷೆಯೇ ಶ್ರೇಷ್ಠವೆಂಬುದಕ್ಕೆ ನೆರೆಯ ಮಹಾರಾಷ್ಟ್ರವೇ ಸಾಕ್ಷಿ. ಉಸ್ಮಾನಾಬಾದ್ ಜಿಲ್ಲೆಯ ಹಳ್ಳಿಗಳಲ್ಲಿ ನಡೆದು 2009ರಲ್ಲಿ ಪ್ರಕಟವಾದ ಪರಿಶೋಧನೆಯಲ್ಲಿ, ಈ ಪರೀಕ್ಷೆಯನ್ನು ಒಂದೇ ಒಂದು ಸಲ ಮಾಡಿದುದರಿಂದ ಈ ರೋಗದ ಮರಣಗಳು ಹೆಚ್ಚುಕಡಿಮೆ ಅರ್ಧಕ್ಕಿಳಿದವು. ವಿಶ್ವ ಆರೋಗ್ಯ ಸಂಸ್ಥೆಯೂ ಇದನ್ನೇ ಮುಂದಿಟ್ಟು, 2030ರೊಳಗೆ ನೂರಕ್ಕೆ 70 ಸ್ತ್ರೀಯರು 35ರ ವಯಸ್ಸಿನೊಳಗೊಮ್ಮೆ, 45ರೊಳಗೆ ಮತ್ತೊಮ್ಮೆ ಪರೀಕ್ಷಿತರಾಗಬೇಕೆಂದು 2020ರಲ್ಲಿ ಸಾರಿತು. ಆದರೆ ಉತ್ತಮವಾದುದು ಬರಲೆಂದು ಕೈಯಲ್ಲಿರುವುದನ್ನು ಬಿಡುವುದು ವಿವೇಕವಲ್ಲ. ಮುಂಬಯಿಯ ಕೊಳೆಗೇರಿಗಳಲ್ಲಿ ಟಾಟಾ ಆಸ್ಪತ್ರೆಯವರು, ಹತ್ತನೆಯ ತರಗತಿಯವರೆಗೆ ಓದಿದ ಹೆಂಗಸರಿಗೆ ತರಬೇತಿ ಕೊಟ್ಟು ಆಮ್ಲದ ಪರೀಕ್ಷೆಯನ್ನೇ ಮಾಡಿಸಿದರು. ಹನ್ನೆರಡು ವರ್ಷಗಳಲ್ಲಿ ಮರಣಗಳು ನೂರಕ್ಕೆ 31ರಷ್ಟು ತಗ್ಗಿದವು. ಮುಂಬಯಿಯಲ್ಲಿ ಸಾಧ್ಯವಾದುದು ಮಾದಾಪುರದಲ್ಲಿ ಏಕೆ ಅಸಾಧ್ಯ? 30 ವರ್ಷ ದಾಟಿದ ಸ್ತ್ರೀಯರಿಗೆ ಐದು ವರ್ಷಕ್ಕೊಮ್ಮೆ ಈ ಪರೀಕ್ಷೆಯಾಗಬೇಕೆಂದು ಕೇಂದ್ರ ಸರಕಾರವು 2016ರಲ್ಲಿಯೇ ಸೂಚಿಸಿತು. ಸೂಚನೆಯು ಕಡತದಲ್ಲಿದ್ದರೆ ರೋಗವು ಹೆದರುವುದಿಲ್ಲ.

ಆರೋಗ್ಯ ಇಲಾಖೆಯ ಅಧಿಕಾರಿಗಳಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ: ಶಿಬಿರ ನಡೆಸಿ, ಹೆಸರು ಬರೆದುಕೊಂಡು, ಫೋಟೋ ತೆಗೆಸಿಕೊಂಡು ಹೊರಡುವುದರಿಂದ ಒಂದು ಜೀವವೂ ಉಳಿಯದು. ದೋಷ ಕಂಡವಳಿಗೆ ಫಲಿತಾಂಶವನ್ನು ಮುಟ್ಟಿಸುವವರಾರು, ಚಿಕಿತ್ಸೆಗೆ ಕರೆದೊಯ್ಯುವವರಾರು ಎಂಬುದು ಮೊದಲೇ ಗೊತ್ತಾಗಿರಬೇಕು. ಕ್ಯಾನ್ಸರಾಗುವ ಮುನ್ನಿನ ದೋಷವನ್ನು ಅನೇಕರಲ್ಲಿ ಕೈಯಲ್ಲಿ ಒಯ್ಯಬಹುದಾದ ಚಿಕ್ಕ ಉಪಕರಣದಿಂದ ಕಾಯಿಸಿ ನೀಗಿಸಬಹುದು. ಆಸ್ಪತ್ರೆಯಲ್ಲಿ ಮಲಗಬೇಕಾದುದೂ ಇಲ್ಲ.

ತೋಟದ ಯಜಮಾನರಿಗೂ ಒಂದು ಮಾತು. ಕಾಂಡಕೊರಕವು ಹೊಕ್ಕಿದೆಯೇ ಎಂದು ಗಿಡಗಿಡವನ್ನೂ ಕಾಲಕಾಲಕ್ಕೆ ಶೋಧಿಸುವವರು ತಾವು. ಕೊರಕವು ಗಿಡವನ್ನು ಒಳಗೇ ತಿನ್ನುವುದೆಂಬುದನ್ನು ತಮಗೆ ಯಾರೂ ಕಲಿಸಬೇಕಾಗಿಲ್ಲ. ಆ ಗಿಡದ ಹಣ್ಣನ್ನು ಕೊಯ್ಯುವ ಕೈಗಳಿಗೆ ಐದು ವರ್ಷಕ್ಕೆ ಅರ್ಧ ದಿನವನ್ನು, ಕೂಲಿ ಮುರಿಯದೆ, ಬಿಟ್ಟುಕೊಡುವುದು ಭಾರವಾದೀತೆ?

ಹೆಣ್ಣುಮಕ್ಕಳಿಗೆ ಲಸಿಕೆ ಬಂದಿರುವುದು ಸಂತೋಷವೇ. ಆದರೆ ಅದು ಅವರ ತಾಯಂದಿರನ್ನು ಕಾಯಲಾರದು. ಈ ಮಾತನ್ನು ಹೆಂಗಸರ ಗುಟ್ಟೆಂದು ಪಕ್ಕಕ್ಕಿಡದೆ, ವಾಚಕ ಮಹಾಶಯರು ಇಂದೇ ತಮ್ಮ ಮನೆಯಲ್ಲಿ ಆಡಲಿ. ಲಜ್ಜೆಗಿಂತ ಪ್ರಾಣವು ದೊಡ್ಡದು.