ಮೆಟ್ಟಿಲು ಗೋಡೌನಲ್ಲ!

ಪೇಟೆಯ ಯಾವ ಮಹಡಿ ಕಾಂಪ್ಲೆಕ್ಸಿಗೆ ಹೋದರೂ ಒಂದೇ ನೋಟ. ಮೆಟ್ಟಿಲ ತುಂಬ ರಟ್ಟಿನ ಪೆಟ್ಟಿಗೆ, ಹಿಂಬಾಗಿಲಿಗೆ ಬೀಗ. ಕೇಳಿದರೆ ಮಾಲೀಕರ ಉತ್ತರ ಸಿದ್ಧ: “ಕಳ್ಳರ ಕಾಟ ಸ್ವಾಮಿ!” ಕಳ್ಳ ಬಂದರೆ ಮಾಲು ಹೋದೀತು. ಬೆಂಕಿ ಬಂದರೆ?

2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಕಟ್ಟಡಕ್ಕೆ ಬೆಂಕಿ ಬಿತ್ತು. ಮೆಟ್ಟಿಲ ದಾರಿಯನ್ನೆಲ್ಲ ಹೊಗೆ ನುಂಗಿತು. ದಿಕ್ಕು ತೋಚದ ಜನ ಕಿಟಕಿಯಿಂದ ಹಾರಿದರು. ಸತ್ತವರು 9 ಮಂದಿ.

ಓಡಬಲ್ಲವರ ಪಾಡೇ ಇದಾದರೆ, ಲಿಫ್ಟಿನಲ್ಲಿ ಮೂರನೇ ಮಹಡಿಯ ಡಾಕ್ಟರ ಹತ್ತಿರ ಹೋದ ಗಾಲಿಕುರ್ಚಿಯವರ ಗತಿಯೇನು? ಬೆಂಕಿ ಬಿದ್ದಾಗ ಲಿಫ್ಟು ಹತ್ತುವಂತಿಲ್ಲ; ಕರೆಂಟು ಹೋದರೆ ನಡುವೆಯೇ ನಿಂತೀತು. ಕಿವಿ ಕೇಳದವರಿಗೆ ಗಂಟೆ ಬಾರಿಸಿದರೇನು, ಬಿಟ್ಟರೇನು? ಕಣ್ಣು ಕಾಣದವರು ಪೆಟ್ಟಿಗೆಗೆ ಎಡವಿದರೆ ಹಿಂದೆ ಬರುವವರೂ ಬಿದ್ದ ಹಾಗೆಯೇ.

ಅಪಾಯದ ಹೊತ್ತಿನಲ್ಲಿ ಅಂಗವಿಕಲರಿಗೂ ಸಮಾನ ರಕ್ಷಣೆ ಎಂದು 2016ರ ಕಾಯ್ದೆ ಹೇಳುತ್ತದೆ. ಸರಿ, ಕಾಯ್ದೆ ಬಂದು ಹೊತ್ತು ಇಳಿಸೀತೆ? ಇಳಿಸಬೇಕಾದವರು ಪಕ್ಕದ ಅಂಗಡಿಯವರೇ.

ಇದಕ್ಕೆ ಸಾವಿರಾರು ರೂಪಾಯಿ ಬೇಡ. ವ್ಯಾಪಾರದ ಹೊತ್ತಿನಲ್ಲಿ ಹಿಂಬಾಗಿಲ ಬೀಗ ತೆಗೆದಿರಲಿ. ಕಾಂಪ್ಲೆಕ್ಸಿನವರೆಲ್ಲ ಒಂದು ಸಂಜೆ ಸೇರಲಿ. 112ಕ್ಕೆ ಫೋನ್ ಮಾಡುವವರು ಯಾರು, ಮೇನ್ ಸ್ವಿಚ್ ಆರಿಸುವವರು ಯಾರು, ಕಿವಿ ಕೇಳದವರ ಭುಜ ತಟ್ಟಿ ಎಚ್ಚರಿಸುವವರು ಯಾರು, ನಡೆಯಲಾಗದವರನ್ನು ಕುರ್ಚಿಯಲ್ಲಿ ಕೂರಿಸಿ ಎತ್ತಿ ಇಳಿಸುವವರು ಯಾರು ಎಂದು ಗೊತ್ತುಮಾಡಲಿ. ಆಮೇಲೆ ಒಮ್ಮೆ ಎಲ್ಲರೂ ಇಳಿದು ನೋಡಲಿ.

ಬೆಂಕಿ ಬಿದ್ದ ಮೇಲೆ ಬಾವಿ ತೋಡಿದ್ದು ಸಾಕು. ಇವತ್ತು ಷಟರ್ ಎಳೆಯುವ ಮುಂಚೆ ಆ ಪೆಟ್ಟಿಗೆಗಳು ಮೆಟ್ಟಿಲು ಬಿಡಲಿ.