ಮಂಚದ ಪಟ್ಟಿ ಗಿಟಾರ್ ಆದದ್ದು

ಮಕ್ಕಳೇ, ಮೊದಲು ಒಂದು ಪ್ರಶ್ನೆ. ನಮ್ಮ ಹಾನುಬಾಳಿನ ಕಾಫಿ ತೋಟವೊಂದರಲ್ಲಿ ನಿಂತಿದ್ದೀರಿ ಅಂದುಕೊಳ್ಳಿ. ಎಡಗಡೆ ಸಿಲ್ವರ್ ಓಕ್, ಬಲಗಡೆ ಬೀಟೆ, ಎದುರಿಗೆ ಹಲಸು, ಕಾಲ ಬಳಿ ಕಾಫಿ ಗಿಡ. ಇವುಗಳಲ್ಲಿ ಪರದೇಶದಿಂದ ಬಂದದ್ದು ಯಾವುದು?

ಕಾಫಿಯ ತವರು ಇಥಿಯೋಪಿಯಾ. ಸಿಲ್ವರ್ ಓಕ್ ಆಸ್ಟ್ರೇಲಿಯಾದ ಪೂರ್ವ ಕರಾವಳಿಯ ಮರ. ತೋಟಕ್ಕೆ ನೆರಳು ಬೇಕೆಂದು ತಂದು ನೆಟ್ಟದ್ದು. ಹಲಸು ಮತ್ತು ಬೀಟೆ ಮಾತ್ರ ನಮ್ಮ ಘಟ್ಟದ ಮಕ್ಕಳು. ಆದರೆ ಅಮೆರಿಕದಲ್ಲಿ ಗಿಟಾರ್ ಮಾಡುವವರನ್ನು ಕೇಳಿದರೆ ಉತ್ತರ ತಿರುಗಿಬೀಳುತ್ತದೆ. ನಮ್ಮ ಮನೆಯ ಬಾಗಿಲು, ಮಂಚ, ಮಣೆ ಎಲ್ಲದರಲ್ಲೂ ಇರುವ ಬೀಟೆಯೇ ಅವರಿಗೆ ಏಳು ಸಮುದ್ರದಾಚೆಯ ಅಪರೂಪದ ಮರ. ಇಂಗ್ಲಿಷಿನಲ್ಲಿ ಅದಕ್ಕೆ ರೋಸ್‌ವುಡ್ ಎನ್ನುತ್ತಾರೆ, ಕೊಯ್ದಾಗ ಹೊಮ್ಮುವ ಸುವಾಸನೆಯಿಂದ ಬಂದ ಹೆಸರು.

ಈ ವಾರ ಬೀಟೆಯ ಮಾತು ಬಂದದ್ದು ನನ್ನ ಮೊಮ್ಮಗಳಿಂದ. ಒಂಬತ್ತನೇ ತರಗತಿ ಮುಗಿಸಿ ಬೇಸಿಗೆ ರಜೆಗೆ ಬಂದವಳು, "ತಾತಾ, ನನಗೊಂದು ಎಲೆಕ್ಟ್ರಿಕ್ ಗಿಟಾರ್ ಬೇಕು. ಅಂಗಡಿಯದ್ದಲ್ಲ, ನಾವೇ ಮಾಡಬೇಕು. ನಮ್ಮ ತೋಟದಲ್ಲೇ ಬೀಟೆ ಇದೆಯಲ್ಲ, ಒಂದು ಕೊಂಬೆ ಕಡಿಸಿ" ಎಂದಳು.

ತೋಟ ನಮ್ಮದಾದರೂ ಬೀಟೆಯನ್ನು ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಡಿಯುವಂತಿಲ್ಲ, ಸಾಗಿಸುವಂತೆಯೂ ಇಲ್ಲ. ಅದಕ್ಕೆ ಕಾರಣವೂ ಇದೆ. ಬೀಟೆ ಬಹಳ ನಿಧಾನವಾಗಿ ಬೆಳೆಯುವ ಮರ. ನನ್ನ ಅಜ್ಜ ನೆಟ್ಟದ್ದರ ಒಳಗಿನ ಕಪ್ಪು ತಿರುಳು ನನ್ನ ಮೊಮ್ಮಗಳ ಕಾಲಕ್ಕೆ ಸರಿಯಾಗಿ ಬಲಿತಿರುತ್ತದೆ. ಅದು ತೊಗರಿ, ಅವರೆಗಳ ಬಳಗದ್ದು, ಬೇರಿನಲ್ಲಿ ಸಾರಜನಕ ಹಿಡಿದು ಮಣ್ಣಿಗೆ ಕೊಡುತ್ತದೆ. ಮೈಮೇಲೆ ಮೆಣಸಿನ ಬಳ್ಳಿ ಹಬ್ಬಿಸಿಕೊಂಡು ಕಾಫಿಗೆ ನೆರಳನ್ನೂ ಕೊಡುತ್ತದೆ. ನಿಂತಿದ್ದೇ ಇಷ್ಟೆಲ್ಲ ಕೊಡುವ ಮರವನ್ನು ಒಂದು ವಾದ್ಯಕ್ಕಾಗಿ ಉರುಳಿಸುವುದು ಸರಿಯೇ ಎಂದು ಕೇಳಿದೆ. ಹುಡುಗಿ ಸುಮ್ಮನಾದಳು.

ಜಗತ್ತೂ ಈ ಪ್ರಶ್ನೆಯನ್ನು ಎದುರಿಸಿದೆ. ಹಿಂದೆ ಒಳ್ಳೆಯ ಗಿಟಾರುಗಳಿಗೆ ಬ್ರೆಜಿಲ್ ದೇಶದ ರೋಸ್‌ವುಡ್ ಬಳಸುತ್ತಿದ್ದರು. ಅಲ್ಲಿ ಮರ ಕಡಿಮೆಯಾಗಿ, ದಿಮ್ಮಿಗಳನ್ನು ಹೊರಗೆ ಕಳಿಸುವುದು ನಿಂತಾಗ, ಅಮೆರಿಕದ ಹೆಸರಾಂತ ಮಾರ್ಟಿನ್ ಕಂಪನಿ 1969ರಲ್ಲಿ ನಮ್ಮ ಬೀಟೆಯ ಕಡೆ ತಿರುಗಿತು. 1992ರಲ್ಲಿ ಬ್ರೆಜಿಲ್‌ನ ಮರವನ್ನು ಸೈಟಿಸ್ ಎಂಬ ಅಂತಾರಾಷ್ಟ್ರೀಯ ಒಪ್ಪಂದದ ಅತಿ ಕಟ್ಟುನಿಟ್ಟಿನ ಪಟ್ಟಿಗೆ ಸೇರಿಸಿದರು. 2017ರ ಜನವರಿಯಿಂದ ಬೀಟೆಯ ಇಡೀ ಕುಲಕ್ಕೇ ಗಡಿ ದಾಟಲು ಕಾಗದಪತ್ರ ಬೇಕಾಯಿತು. ಕಛೇರಿಗೆ ಹೊರಟ ವಾದ್ಯಗಾರರೂ ಪರದಾಡಿದರು. 2019ರ ನವೆಂಬರಿನಲ್ಲಿ ಸಿದ್ಧ ವಾದ್ಯಗಳ ಮಟ್ಟಿಗೆ ಆ ನಿಯಮವನ್ನು ಸಡಿಲಿಸಿದರು.

ಬೀಟಲ್ಸ್ ಎಂಬ ಇಂಗ್ಲೆಂಡಿನ ತಂಡದ ಹೆಸರನ್ನು ನಿಮ್ಮ ಅಪ್ಪ ಅಮ್ಮ ಕೇಳಿರುತ್ತಾರೆ. ಬೀಟೆಗೂ ಬೀಟಲ್ಸ್‌ಗೂ ಹೆಸರಿನ ನಂಟಿಲ್ಲ, ಆದರೆ ಮರದ ನಂಟಿದೆ. ಆ ತಂಡದ ಜಾರ್ಜ್ ಹ್ಯಾರಿಸನ್, ಪಂಡಿತ್ ರವಿಶಂಕರ್ ಅವರ ಬಳಿ ಸಿತಾರ್ ಕಲಿತವರು. 1969ರ ಜನವರಿ 30ರಂದು ಲಂಡನ್ನಿನ ಕಟ್ಟಡವೊಂದರ ಮಹಡಿಯ ಮೇಲೆ ಚಳಿಯಲ್ಲಿ ನಿಂತು ಅವರು ನುಡಿಸಿದ ಎಲೆಕ್ಟ್ರಿಕ್ ಗಿಟಾರಿನ ಒಡಲೂ ಕತ್ತೂ ರೋಸ್‌ವುಡ್‌ನದ್ದೇ.

ಸರಿ, ಮರ ಕಡಿಯುವಂತಿಲ್ಲ. ಹಾಗಾದರೆ ಬೀಟೆ ಎಲ್ಲಿಂದ? ನಮ್ಮ ಅಟ್ಟದ ಮೇಲೆ ಒಂದು ಪಟ್ಟಿ ಇತ್ತು. ನನ್ನಾಕೆಯ ಅವ್ವನ ಮಂಚದ್ದು. ಕಾಲು ಮುರಿದು ಮಂಚ ಬಿಚ್ಚಿದಾಗ ಉಳಿದದ್ದು ಅದೊಂದೇ. ಒಲೆಯ ಹೊಗೆ ಕುಡಿದು ಕುಡಿದು ಕಲ್ಲಿನಂತಾಗಿತ್ತು. ಮೊಮ್ಮಗಳು ಅದನ್ನು ಇಳಿಸಿ ಒರೆಸುತ್ತಿದ್ದಾಗ ಅವಳ ಅಜ್ಜಿ ಅಡುಗೆಮನೆಯಿಂದ ಬಂದು ನೋಡಿದಳು.

"ಅದನ್ನ ಮುಟ್ಟಬೇಡ ಮಗಾ. ನನ್ನ ಅವ್ವ ಕೊನೆಗಾಲದಲ್ಲಿ ಹಿಡ್ಕೊಂಡು ಏಳ್ತಿದ್ದ ಪಟ್ಟಿ ಅದು" ಎಂದಳು.

ಮನೆಯಲ್ಲಿ ಎರಡು ದಿನ ಆ ಮಾತನ್ನು ಯಾರೂ ಎತ್ತಲಿಲ್ಲ. ಮೂರನೆಯ ದಿನ ಅವಳೇ ಕೇಳಿದಳು. "ಗಿಟಾರಲ್ಲಿ ಅದು ಯಾವ ಜಾಗಕ್ಕೆ ಹೋಗ್ತದೆ?"

"ಬೆರಳಿಡೋ ಜಾಗಕ್ಕೆ ಅಜ್ಜಿ. ಕತ್ತಿನ ಮೇಲಿನ ಹಲಗೆ. ನುಡಿಸುವಾಗೆಲ್ಲ ಕೈ ಅದರ ಮೇಲೇ ಇರ್ತದೆ."

"ಅವ್ವನ ಕೈ ಇದ್ದ ಕಡೆ ನಿನ್ನ ಕೈ ಇರ್ತದೆ ಅನ್ನು. ಹಂಗಾದ್ರೆ ಆಗಲಿ. ಒಂದು ತುಂಡು ನನಗೆ ಉಳಿಸಿ."

ಉಳಿದ ಮರವನ್ನೂ ಹಳೆಯದರಲ್ಲೇ ಹುಡುಕಿದೆವು. ಒಡಲಿಗೆ ಹಳೆ ಮನೆಯ ಹೆಬ್ಬಾಗಿಲಿನ ಎರಡು ಹಲಸಿನ ಹಲಗೆ. ವೀಣೆಯನ್ನೂ ಹಲಸಿನಲ್ಲೇ ಮಾಡುವುದು ನಿಮಗೆ ಗೊತ್ತಲ್ಲ? ಕೊಯ್ದಾಗ ಅರಿಶಿನದಂತಿದ್ದು, ವರ್ಷ ಕಳೆದಂತೆ ಕಂದಾಗುವ ಮರ ಅದು. ಕತ್ತಿಗೆ ಕಿಟಕಿಯ ಚೌಕಟ್ಟಿನ ತೇಗ. ಪಿಕಪ್, ತಂತಿ, ಬಿರಡೆ, ಬ್ರಿಡ್ಜ್ ಇವಿಷ್ಟನ್ನು ಬೆಂಗಳೂರಿನಿಂದ ತರಿಸಿದೆವು.

ಕೆಲಸಕ್ಕೆ ನಮ್ಮೂರ ಆಚಾರ್ರು ಒಪ್ಪಿಕೊಂಡರು. ಬಾಗಿಲು, ಮಂಚ, ತೊಟ್ಟಿಲು ಮಾಡಿದ ಕೈ, ಗಿಟಾರ್ ಮುಟ್ಟಿದ್ದಿಲ್ಲ. ನಕ್ಷೆಯನ್ನು ನೋಡಿ ಅವರು ಹೇಳಿದರು. "ಮೇಷ್ಟ್ರೇ, ನಾವು ನೂಲಿನ ಲೆಕ್ಕದವರು. ಬಾಗಿಲು ಅರ್ಧ ನೂಲು ಹೆಚ್ಚುಕಮ್ಮಿ ಆದ್ರೆ ಮಳೆಗಾಲವೇ ಸರಿಮಾಡ್ಕೊಳ್ತದೆ. ಇದರಲ್ಲಿ ಚುಕ್ಕಿ ಹಾಕಿ ಮಿಲಿಮೀಟರು ಬರೆದಿದ್ದಾರಲ್ಲ!" ನೂಲು ಎಂದರೆ ಇಂಚಿನ ಎಂಟನೇ ಒಂದು ಭಾಗ, ಸುಮಾರು 3 ಮಿಲಿಮೀಟರ್.

ಆ ಲೆಕ್ಕವನ್ನು ಮೊಮ್ಮಗಳು ವಹಿಸಿಕೊಂಡಳು. ಗಿಟಾರಿನ ಕತ್ತಿನ ಮೇಲೆ ಅಡ್ಡಕ್ಕೆ ಲೋಹದ ಸಣ್ಣ ಪಟ್ಟಿಗಳಿರುತ್ತವೆ. ಅವಕ್ಕೆ ಫ್ರೆಟ್ ಎನ್ನುತ್ತಾರೆ. ವೀಣೆಯ ಮೆಟ್ಟಿಲುಗಳ ಹಾಗೆಯೇ. ವೀಣೆಯಲ್ಲಿ 24 ಮೆಟ್ಟಿಲನ್ನು ಮೇಣದ ಮೇಲೆ ಕಿವಿಯಿಂದಲೇ ಅಳೆದು ಕೂರಿಸುತ್ತಾರೆ. ತಪ್ಪಿದರೆ ಮೇಣ ಬಿಸಿ ಮಾಡಿ ಸರಿಸಬಹುದು. ಗಿಟಾರಿನಲ್ಲಿ ಬೀಟೆಯನ್ನು ಗರಗಸದಿಂದ ಸೀಳಿ ಫ್ರೆಟ್ ಬಡಿದು ಕೂರಿಸಬೇಕು. ಒಮ್ಮೆ ಸೀಳಿದರೆ ಆಯಿತು.

ತಂತಿಯ ಎರಡು ಆನಿಕೆಗಳ ನಡುವಿನ ಉದ್ದ 648 ಮಿಲಿಮೀಟರ್ ಇಟ್ಟುಕೊಂಡೆವು. ಅದನ್ನು 17.817ರಿಂದ ಭಾಗಿಸಿದರೆ 36.37 ಬರುತ್ತದೆ, ಮೊದಲ ಫ್ರೆಟ್ ಅಲ್ಲಿ. ಉಳಿದ 611.63ನ್ನು ಮತ್ತೆ ಅದೇ ಸಂಖ್ಯೆಯಿಂದ ಭಾಗಿಸಿದರೆ 34.33, ಮೊದಲನೆಯದರಿಂದ ಅಷ್ಟು ದೂರಕ್ಕೆ ಎರಡನೆಯದು. ಹೀಗೆ ಹನ್ನೆರಡು ಸಲ ಮಾಡಿದರೆ ನೀವು ಸರಿಯಾಗಿ ಅರ್ಧಕ್ಕೆ, 324 ಮಿಲಿಮೀಟರಿಗೆ ಬಂದು ನಿಲ್ಲುತ್ತೀರಿ. ಅಲ್ಲಿ ತಂತಿ ಒತ್ತಿ ಮೀಟಿದರೆ ಅದೇ ಸ್ವರ ಒಂದು ಸ್ಥಾಯಿ ಮೇಲೆ ಕೇಳುತ್ತದೆ. ಸೆಕೆಂಡಿಗೆ 110 ಸಲ ಕಂಪಿಸುತ್ತಿದ್ದ ತಂತಿ ಅಲ್ಲಿ 220 ಸಲ ಕಂಪಿಸುತ್ತದೆ. ಹುಡುಗಿ ಎರಡು ಸಲ ಲೆಕ್ಕ ಹಾಕಿದಳು, ಆಚಾರ್ರು ಮೂರು ಸಲ ಅಳೆದರು. ಅವ್ವನ ಪಟ್ಟಿ ಒಂದೇ ಇದ್ದದ್ದು ನೋಡಿ, ಇಬ್ಬರೂ ಉಸಿರು ಬಿಗಿಹಿಡಿದೇ ಗರಗಸ ಆಡಿಸಿದರು.

ಉಳಿದ ಕೆಲಸ ತಾಳ್ಮೆಯದ್ದು. ಹಲಸಿನ ಹಲಗೆಗಳ ಅಂಚಿಗೆ ಹತ್ತರಿ ಹೊಡೆದು, ಜೋಡಿಸಿ ಹಿಡಿದಾಗ ನಡುವೆ ಬೆಳಕು ತೂರದಂತೆ ಮಾಡಿ, ಅಂಟು ಹಾಕಿ ಒಂದು ದಿನ ಬಿಗಿದಿಟ್ಟರು. ತೇಗ, ಬೀಟೆ ಎರಡರಲ್ಲೂ ಎಣ್ಣೆಯಂಶ ಇರುವುದರಿಂದ ಅಂಟು ಹಚ್ಚುವ ಮೊದಲು ಅಸಿಟೋನಿನಲ್ಲಿ ಒರೆಸಬೇಕು. ಬೀಟೆಯ ಪುಡಿ ಕೆಲವರಿಗೆ ಕೆಮ್ಮು, ಕಜ್ಜಿ ತರಿಸುತ್ತದೆ. ಅದಕ್ಕೇ ಉಪ್ಪುಕಾಗದ ಹಿಡಿದವರೆಲ್ಲ ಮೂಗಿಗೆ ಮಾಸ್ಕ್ ಕಟ್ಟಿದ್ದರು. ಕತ್ತಿನೊಳಗೆ ಒಂದು ಉಕ್ಕಿನ ಸರಳು ಹುದುಗಿಸಿದೆವು. ಏಕೆ ಗೊತ್ತೇ? ಆರು ತಂತಿ ಬಿಗಿದಾಗ ಕತ್ತಿನ ಮೇಲೆ ಬೀಳುವ ಎಳೆತ ಎಲ್ಲ ಸೇರಿ ಸುಮಾರು 45 ಕಿಲೋ. ನಮ್ಮ ಕಾಫಿ ಚೀಲ 50 ಕಿಲೋದ್ದು. ಹೆಚ್ಚುಕಡಿಮೆ ಒಂದು ಚೀಲವನ್ನೇ ಆ ಕತ್ತಿಗೆ ನೇತುಹಾಕಿದ ಹಾಗೆ, ಅದೂ ಹಗಲು ರಾತ್ರಿ.

ಈಗ ಎಲೆಕ್ಟ್ರಿಕ್ ಎಂಬ ಮಾತು. ತಂತಿಗಳ ಕೆಳಗೆ ಪಿಕಪ್ ಎಂಬ ಸಣ್ಣ ಪೆಟ್ಟಿಗೆ ಇದೆ. ಅದರೊಳಗೆ ಅಯಸ್ಕಾಂತ, ಅದರ ಸುತ್ತ ಕೂದಲಿನಷ್ಟು ಸಣ್ಣ ತಾಮ್ರದ ತಂತಿ, ಸಾವಿರಾರು ಸುತ್ತು. ಅಯಸ್ಕಾಂತದ ಹತ್ತಿರ ಉಕ್ಕಿನ ತಂತಿ ಕಂಪಿಸಿದಾಗ ತಾಮ್ರದ ಸುರುಳಿಯಲ್ಲಿ ಸಣ್ಣ ವಿದ್ಯುತ್ ಹುಟ್ಟುತ್ತದೆ. ಹಿರಿಯರಿಗೆ ಸೈಕಲ್ ಡೈನಮೋ ನೆನಪಿರಬೇಕು. ಅದರ ತತ್ವವೇ ಇದು. 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಹಿಡಿದದ್ದು. ಆ ಸಣ್ಣ ವಿದ್ಯುತ್ತನ್ನು ಆಂಪ್ಲಿಫೈಯರ್ ದೊಡ್ಡದು ಮಾಡಿ ಸ್ಪೀಕರಿಗೆ ಕೊಡುತ್ತದೆ. ಉಕ್ಕಿನ ಬದಲು ನೈಲಾನ್ ತಂತಿ ಕಟ್ಟಿದರೆ ಪಿಕಪ್‌ಗೆ ಏನೂ ಗೊತ್ತಾಗುವುದಿಲ್ಲ.

ಕೆಲಸ ಮುಗಿಯುತ್ತ ಬಂದಾಗ ನನ್ನಾಕೆ ಕೇಳಿದಳು. "ಅವ್ವನ ಮಂಚದ ದನಿ ಇದರಲ್ಲಿ ಕೇಳ್ತದಾ?"

ಮಕ್ಕಳಿಗೆ ಪಾಠ ಹೇಳಿದವನು ನಾನು, ಇಲ್ಲದ್ದನ್ನು ಇದೆ ಎನ್ನಲಾರೆ. ಪಿಕಪ್ ಕೇಳುವುದು ತಂತಿಯನ್ನು, ಮರವನ್ನಲ್ಲ. 1930ರ ದಶಕದ ಆರಂಭದಲ್ಲಿ ರಿಕನ್‌ಬ್ಯಾಕರ್ ಕಂಪನಿ ತಂದ, ಬಾಣಲೆ ಎಂದೇ ಅಡ್ಡಹೆಸರು ಬಿದ್ದ ಎಲೆಕ್ಟ್ರಿಕ್ ಗಿಟಾರಿನ ಮೈ ಇಡೀ ಅಲ್ಯೂಮಿನಿಯಂ! ಅದೂ ಹಾಡಿತು. ಮರದ ಪಾಲು ಎಷ್ಟು ಎಂದು ಬಲ್ಲವರು ಇವತ್ತಿಗೂ ಜಗಳವಾಡುತ್ತಾರೆ. ಇದ್ದರೂ ಅದು ಸಾರಿಗೆ ಹಾಕಿದ ಇಂಗಿನಷ್ಟು. ಬೀಟೆ ಬೇಕಾಗುವುದು ಮುಖ್ಯವಾಗಿ ಬೇರೆ ಕಾರಣಕ್ಕೆ. ಅದು ಗಟ್ಟಿ, ಬೆರಳ ಬೆವರಿಗೆ ಬೇಗ ಸವೆಯುವುದಿಲ್ಲ, ಮಳೆಗೂ ಬಿಸಿಲಿಗೂ ಹೆಚ್ಚು ಹಿಗ್ಗಿ ಕುಗ್ಗುವುದಿಲ್ಲ. ಇಷ್ಟನ್ನೂ ಅವಳಿಗೆ ಹೇಳಿದೆ. "ಹೋಗಲಿ ಬಿಡಿ" ಎಂದು ಒಳಗೆ ಹೋದಳು.

ಜೂನ್‌ನಲ್ಲಿ ಮಳೆ ಹಿಡಿಯಿತು. ಹಾನುಬಾಳಿನ ಮಳೆ ಗೊತ್ತಲ್ಲ, ಒಗೆದ ಬಟ್ಟೆ ವಾರವಾದರೂ ಒಣಗದು, ಬಾಗಿಲುಗಳು ಉಬ್ಬಿ ಮುಚ್ಚಲಾರವು. ಗಿಟಾರಿಗೆ ನಿಜವಾದ ಪರೀಕ್ಷೆ ಅದೇ. ಕತ್ತು ಒಂದಿಷ್ಟು ಬಾಗಿ ತಂತಿ ಮೇಲೆದ್ದಿತು. ಉಕ್ಕಿನ ಸರಳಿನ ತಿರುಪನ್ನು ಕಾಲು ಸುತ್ತು ಬಿಗಿದಾಗ ಸರಿಹೋಯಿತು. ಹಲಸಿನ ಜೋಡಣೆ ಬಿಡಲಿಲ್ಲ. ಅವ್ವನ ಪಟ್ಟಿ ಅಲುಗಲೇ ಇಲ್ಲ. ಆಚಾರ್ರು ಬಂದು ಬೆರಳಾಡಿಸಿ ನೋಡಿ, "ಒಲೆ ಮೇಲೆ ಅಷ್ಟು ವರ್ಷ ಒಣಗಿದ ಮರ ಮೇಷ್ಟ್ರೇ, ಇನ್ನೇನು ಅಲುಗೀತು" ಎಂದರು.

ಒಂದು ಶನಿವಾರ ಸಂಜೆ ಮೊಮ್ಮಗಳು ನುಡಿಸುತ್ತಿದ್ದಾಗ ಕರೆಂಟು ಹೋಯಿತು. ಆಂಪ್ಲಿಫೈಯರ್ ಸತ್ತಿತು. ಕರೆಂಟಿಲ್ಲದ ಎಲೆಕ್ಟ್ರಿಕ್ ಗಿಟಾರ್ ಸೊಳ್ಳೆಯಷ್ಟು ಸದ್ದು ಮಾಡುತ್ತದೆ, ಮಳೆಯಲ್ಲಿ ಅದೂ ಕೇಳದು. ಆಗ ಹುಡುಗಿ, "ಅಜ್ಜಿ, ಇಲ್ಲಿ ಬಾ, ಮರಕ್ಕೆ ಕಿವಿ ಕೊಡು" ಎಂದಳು. ಗಾಳಿಗಿಂತ ಮರದಲ್ಲಿ ಸದ್ದು ಚೆನ್ನಾಗಿ ಹರಿಯುತ್ತದೆ. ಕಿವಿಯನ್ನು ನೇರ ಮರಕ್ಕೇ ತಾಗಿಸಿದರೆ ಎಲ್ಲವೂ ತುಂಬಿ ಕೇಳುತ್ತದೆ. ನನ್ನಾಕೆ ಕತ್ತಿನ ತುದಿಗೆ, ಬೀಟೆಯ ಪಕ್ಕಕ್ಕೆ ಕಿವಿ ಇಟ್ಟಳು. ಹುಡುಗಿ ದಪ್ಪ ತಂತಿಯನ್ನು ಮೀಟಿದಳು.

"ಇದು ಕೇಳ್ತಾ ಇರೋದು ಮರದಿಂದಲಾ, ವೈರಿನಿಂದಲಾ?"

"ಮರದಿಂದಲೇ ಅಜ್ಜಿ."

"ಇನ್ನೊಂದ್ಸಲ ಹೊಡಿ" ಎಂದಳು. ಕರೆಂಟು ಬರುವವರೆಗೂ ಕಿವಿ ತೆಗೆಯಲಿಲ್ಲ.

ಮಕ್ಕಳೇ, ನೀವೂ ಇದನ್ನು ಮಾಡಿ ನೋಡಬಹುದು. ಮರದ ಮೇಜಿನ ಒಂದು ತುದಿಗೆ ಕಿವಿಯಿಟ್ಟು, ಇನ್ನೊಂದು ತುದಿಯನ್ನು ಉಗುರಿನಿಂದ ಮೆಲ್ಲಗೆ ಕೆರೆಯಲು ತಂಗಿಗೋ ತಮ್ಮನಿಗೋ ಹೇಳಿ. ಆಮೇಲೆ ಕಿವಿ ಎತ್ತಿ ಕೇಳಿ. ವ್ಯತ್ಯಾಸ ತಿಳಿಯುತ್ತದೆ.

ಹಿರಿಯರೇ, ನಿಮ್ಮ ಅಟ್ಟದಲ್ಲೂ ಮುರಿದ ತೊಟ್ಟಿಲಿನ ಅಡ್ಡೆಯೋ ಹಳೆ ಮಣೆಯೋ ಬಿದ್ದಿರಬಹುದು. ಸೌದೆಗೆ ಹಾಕುವ ಮೊದಲು ಅದು ಯಾವ ಮರ, ಯಾರದ್ದು ಎಂದು ಮಕ್ಕಳಿಗೆ ಒಮ್ಮೆ ಹೇಳಿಬಿಡಿ.

ಕೊನೆಗೆ ಈ ವಾರದ ಲೆಕ್ಕ. ಮೊದಲ ಎರಡು ಫ್ರೆಟ್ ಕಳೆದ ಮೇಲೆ ಉಳಿಯುವ ಉದ್ದ 577.30 ಮಿಲಿಮೀಟರ್. ಹಾಗಾದರೆ ಎರಡನೆಯದರಿಂದ ಮೂರನೆಯ ಫ್ರೆಟ್ ಎಷ್ಟು ದೂರ? ಉತ್ತರ 32.40 ಬಂದರೆ, ನಮ್ಮ ಆಚಾರ್ರು ನಿಮ್ಮ ಕೈಗೂ ಗರಗಸ ಕೊಡುತ್ತಾರೆ.