ಬಣ್ಣ ಬಳಿಸುವ ಮೊದಲು

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂದ ಹಿರಿಯರು 'ಮನೆ ಮಾರಿ ನೋಡು' ಎಂದು ಸೇರಿಸಲಿಲ್ಲ. ಆಗ ಮನೆ ಮಾರುವುದೆಂದರೆ ಊರವರೆದುರು ತಲೆ ತಗ್ಗಿಸಿದಂತೆ. ಈಗ ಹಾಗಿಲ್ಲ. ಮಕ್ಕಳು ಬೇರೆ ಊರಿನಲ್ಲಿ ನೆಲೆಸಿರುತ್ತಾರೆ, ಮಂಡಿನೋವಿನವರಿಗೆ ಮಹಡಿ ಹತ್ತಲು ಆಗುವುದಿಲ್ಲ, ಅಣ್ಣತಮ್ಮ ಅಕ್ಕತಂಗಿಯರಲ್ಲಿ ಪಾಲು ಆಗಬೇಕಿರುತ್ತದೆ. ಮಾರುವುದೆಂದು ತೀರ್ಮಾನವಾದ ಕೂಡಲೇ ನಮಗೆ ನೆನಪಾಗುವವರು ಇಬ್ಬರು: ಪೇಂಟರ್ ಮತ್ತು ಬ್ರೋಕರ್. ಇಬ್ಬರಿಗೂ ಮೊದಲು ಕರೆಯಬೇಕಾದವರು ಒಬ್ಬ ಸಿವಿಲ್ ಎಂಜಿನಿಯರ್. ಅವರನ್ನು ಯಾರೂ ಕರೆಯುವುದಿಲ್ಲ. 'ನಲವತ್ತು ವರ್ಷ ಇದೇ ಮನೆಯಲ್ಲಿ ಇದ್ದೀವಿ, ನಮಗೆ ಗೊತ್ತಿಲ್ಲದ್ದು ಅವರಿಗೇನು ಗೊತ್ತಿರುತ್ತೆ?' ಎಂಬುದು ಸಾಮಾನ್ಯ ಉತ್ತರ.

ಮೈಸೂರಿನ ಹಳೆಯ ಬಡಾವಣೆಯೊಂದರಲ್ಲಿ ಹೀಗಾಯಿತು. ನಿವೃತ್ತ ಶಿಕ್ಷಕಿಯೊಬ್ಬರು, ಪತಿ ತೀರಿಕೊಂಡ ಮೇಲೆ ಒಬ್ಬರೇ ಇದ್ದವರು, ಮನೆ ಮಾರಿ ಮಗಳ ಊರಿನಲ್ಲಿ ಚಿಕ್ಕ ಫ್ಲ್ಯಾಟು ಕೊಳ್ಳಬೇಕೆಂದುಕೊಂಡರು. ಒಳಗೂ ಹೊರಗೂ ಚೆಂದವಾಗಿ ಬಣ್ಣ ಮಾಡಿಸಿದರು. ಗಿರಾಕಿ ಸಿಕ್ಕರು, ಬೆಲೆ ಕುದುರಿತು, ಮುಂಗಡ ಪಡೆದು ಕರಾರು ಪತ್ರವೂ ಆಯಿತು. ಅದೇ ಧೈರ್ಯದ ಮೇಲೆ ಅವರು ಆ ಕಡೆ ಫ್ಲ್ಯಾಟಿಗೂ ಮುಂಗಡ ಕೊಟ್ಟರು. ಆಮೇಲೆ ಕೊಳ್ಳುವವರ ಕಡೆಯಿಂದ ಎಂಜಿನಿಯರ್ ಬಂದು ಅಡುಗೆಮನೆಯ ಮೇಲ್ಛಾವಣಿಯನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರು. ಹೊಸ ಬಣ್ಣದ ಹಿಂದೆ ಗಾರೆ ಟೊಳ್ಳಾಗಿತ್ತು. ಅಂಗೈಯಗಲ ಚಕ್ಕೆ ಕಳಚಿ ಬಿತ್ತು. ಒಳಗೆ ತುಕ್ಕು ಹಿಡಿದ ಕಬ್ಬಿಣ. 'ಅಮ್ಮಾ, ಇದು ನಿಮಗೆ ಗೊತ್ತಿತ್ತಲ್ವಾ? ಅದಕ್ಕೇ ಬಣ್ಣ ಹೊಡೆಸಿದ್ರಿ ಅಲ್ವಾ?' ಎಂದರು ಕೊಳ್ಳಲು ಬಂದವರು.

ಆಕೆಗೆ ನಿಜಕ್ಕೂ ಗೊತ್ತಿರಲಿಲ್ಲ. ಮಳೆಗಾಲದಲ್ಲಿ ಅಲ್ಲಿ ಒಂದಿಷ್ಟು ಕಂದು ಕಲೆ ಬರುತ್ತಿತ್ತು, ಅಷ್ಟೇ. ಆದರೆ ನಂಬುವವರು ಯಾರು? ರಿಪೇರಿಗೆ ತಗಲುವ ಖರ್ಚಿಗಿಂತ ಎಷ್ಟೋ ಹೆಚ್ಚು ಹಣವನ್ನು ಬೆಲೆಯಲ್ಲಿ ಕಡಿತ ಮಾಡಿದರು. ಫ್ಲ್ಯಾಟಿನ ಗಡುವು ಹತ್ತಿರವಾಗಿದ್ದರಿಂದ ಆಕೆ ಒಪ್ಪಬೇಕಾಯಿತು. ಹಣ ಹೋಯಿತು ಸರಿ. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವರನ್ನು ಅವರದೇ ಅಡುಗೆಮನೆಯಲ್ಲಿ ಸುಳ್ಳುಗಾರ್ತಿ ಎಂಬಂತೆ ನೋಡಿದರಲ್ಲ, ಅದು ಅವರಿಗೆ ಹೆಚ್ಚು ನೋವು ತಂದಿತ್ತು.

ಇಲ್ಲಿ ಕಾನೂನಿನ ಮಾತೂ ಇದೆ. ಮನೆ ಮಾರುವಾಗ ನೋಡಿಕೊಳ್ಳುವ ಹೊಣೆಯೆಲ್ಲ ಕೊಳ್ಳುವವರದೇ ಎಂದು ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಂ ಹಾಗೆ ಹೇಳುವುದಿಲ್ಲ. ಆಸ್ತಿಯಲ್ಲಾಗಲಿ ಅದರ ಹಕ್ಕಿನಲ್ಲಾಗಲಿ ದೊಡ್ಡ ದೋಷವೊಂದಿದ್ದು, ಅದು ಮಾರುವವರಿಗೆ ಗೊತ್ತಿದ್ದು, ಕೊಳ್ಳುವವರು ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಕಾಣದಂಥದ್ದಾದರೆ, ಮಾರುವವರು ಅದನ್ನು ತಿಳಿಸಲೇಬೇಕು. ತಿಳಿಸದೆ ಬಿಟ್ಟರೆ ಅದು ವಂಚನೆ ಎಂದೇ ಆ ಕಲಂ ಹೇಳುತ್ತದೆ. ಹಾಗಾದರೆ ಪರೀಕ್ಷೆಯೇ ಮಾಡಿಸದಿದ್ದರೆ ಒಳ್ಳೆಯದಲ್ಲವೇ, ಗೊತ್ತೇ ಇಲ್ಲವೆಂದು ಹೇಳಬಹುದಲ್ಲ ಎಂದು ಬುದ್ಧಿವಂತರು ಕೇಳಿಯಾರು. ಹೇಳಬಹುದು. ಆದರೆ ಸೋರುವ ಜಾಗದ ಮೇಲೆ ಹೊಸ ಬಣ್ಣ ಕಂಡಮೇಲೆ ಆ ಮಾತನ್ನು ನಂಬಿಸುವುದು ಎಷ್ಟು ಕಷ್ಟ ಎಂಬುದನ್ನು ಮೇಲಿನ ಕಥೆಯೇ ಹೇಳುತ್ತದೆ.

ಅಮೆರಿಕದಲ್ಲಿ ಮನೆ ಕೊಂಡ ನಮ್ಮವರನ್ನು ಕೇಳಿ ನೋಡಿ. ಅಲ್ಲಿ ಕೊಳ್ಳುವವರು ಇನ್‌ಸ್ಪೆಕ್ಟರನ್ನು ಕರೆಸಿ ಮನೆ ತೋರಿಸುವುದು ದಿನನಿತ್ಯದ ವಿಷಯ. ಮಾರುವವರೇ ಮೊದಲು ತೋರಿಸಿಕೊಳ್ಳುವುದೂ ಉಂಟು. ನಮ್ಮಲ್ಲಿ ಆ ಹೆಸರಿನ ವೃತ್ತಿ ದೊಡ್ಡ ನಗರಗಳಲ್ಲಿ ಈಗೀಗ ಕಾಣುತ್ತಿದೆ. ಚಿಕ್ಕ ಊರಿನಲ್ಲಿ ಅನುಭವಸ್ಥ ಸಿವಿಲ್ ಎಂಜಿನಿಯರ್ ಒಬ್ಬರು ಸಾಕು, ಜೊತೆಗೆ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್. ರಿಪೇರಿ ಕೆಲಸ ಹಿಡಿಯುವ ಗುತ್ತಿಗೆದಾರರಿಂದ ಮಾತ್ರ ಪರೀಕ್ಷೆ ಮಾಡಿಸಬೇಡಿ. ಅವರ ಕಣ್ಣಿಗೆ ಎಲ್ಲವೂ ಒಡೆದು ಕಟ್ಟಬೇಕಾದದ್ದಾಗಿಯೇ ಕಾಣುತ್ತದೆ. ಬ್ರೋಕರ್ ಕಣ್ಣಿಗೆ ಏನೂ ಕಾಣುವುದಿಲ್ಲ. ಫೀಸು ಕೊಡಿ, ಫೋಟೋ ಸಮೇತ ಬರವಣಿಗೆಯಲ್ಲಿ ವರದಿ ಕೇಳಿ.

ಅವರು ನೋಡುವುದೇನು? ಮೊದಲು ತಾರಸಿ. ಮನೆಯ ಕಾಯಿಲೆಗಳಲ್ಲಿ ಮುಕ್ಕಾಲು ಪಾಲಿಗೆ ನೀರೇ ಮೂಲ. ತಾರಸಿಯ ಬಿರುಕಿನಲ್ಲಿ ಇಳಿದ ನೀರು ಕಾಂಕ್ರೀಟಿನೊಳಗಿನ ಕಬ್ಬಿಣ ಮುಟ್ಟುತ್ತದೆ. ತುಕ್ಕು ಹಿಡಿದ ಕಬ್ಬಿಣ ಊದಿಕೊಳ್ಳುತ್ತದೆ. ತುಕ್ಕಿಗೆ ಬೇಕಾಗುವ ಜಾಗ ಮೂಲ ಕಬ್ಬಿಣದ ಎರಡು ಪಟ್ಟಿಗೂ ಹೆಚ್ಚು. ಆ ಒತ್ತಡಕ್ಕೆ ಕೆಳಗಿನ ಕಾಂಕ್ರೀಟು ಸಿಡಿದು ಚಕ್ಕೆಯೇಳುತ್ತದೆ. ಚಕ್ಕೆಗೆ ಸಿಮೆಂಟು ಮೆತ್ತಿದರೆ ಕಾಯಿಲೆ ಒಳಗೇ ಉಳಿಯುತ್ತದೆ. ಮೇಲಿನ ನೀರು ನಿಲ್ಲಿಸಿ, ಸಡಿಲವಾದದ್ದನ್ನು ಕೆತ್ತಿ, ತುಕ್ಕು ತೆಗೆದು, ಆಮೇಲೆ ತುಂಬಬೇಕು. ಹೊರಗಿನ ಸಜ್ಜಾಗಳಲ್ಲಿ ಇದು ಮೊದಲು ಕಾಣಿಸಿಕೊಳ್ಳುತ್ತದೆ, ಅದರಲ್ಲೂ ಉಪ್ಪುಗಾಳಿಯ ಕರಾವಳಿಯಲ್ಲಿ. ಸಂಶಯ ಹೆಚ್ಚಿದ್ದರೆ ಕಾಂಕ್ರೀಟಿನ ಗಟ್ಟಿತನವನ್ನು ಒಡೆಯದೆಯೇ ಅಂದಾಜಿಸುವ ರಿಬೌಂಡ್ ಹ್ಯಾಮರ್ ಎಂಬ ಸಾಧನವಿದೆ. ಸ್ಪ್ರಿಂಗ್ ಇರುವ ಕಡ್ಡಿಯೊಂದು ಗೋಡೆಗೆ ಬಡಿದು ಎಷ್ಟು ಹಿಂದಕ್ಕೆ ಪುಟಿಯುತ್ತದೆ ಎಂಬುದರ ಮೇಲೆ ಅದರ ಲೆಕ್ಕ.

ಬಿರುಕುಗಳಲ್ಲಿ ಎಲ್ಲವೂ ಒಂದೇ ಅಲ್ಲ. ಗಾರೆ ಒಣಗುವಾಗ ಬಿದ್ದ ಕೂದಲೆಳೆಯಂಥ ಬಿರುಕಿಗೆ ಹೆದರಬೇಕಿಲ್ಲ. ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟು ನಾಣ್ಯದ ಅಂಚು ತೂರುವಷ್ಟು ಅಗಲವಾದದ್ದು, ಇಟ್ಟಿಗೆ ಸಾಲಿನ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಇಳಿದದ್ದು ತಳಪಾಯದ ಸುದ್ದಿ ಹೇಳುತ್ತಿರಬಹುದು. ಧಾರವಾಡ, ವಿಜಯಪುರ, ಕಲಬುರಗಿ ಕಡೆ ಎರೆಮಣ್ಣಿನ ಮೇಲೆ ಕಟ್ಟಿದ ಮನೆಯವರಿಗೆ ಇದು ಹೊಸದಲ್ಲ. ಆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗುತ್ತದೆ. ಬಿರುಕಿನ ಎರಡೂ ತುದಿಗೆ ಪೆನ್ಸಿಲಿನಿಂದ ಗೆರೆ ಎಳೆದು ಪಕ್ಕದಲ್ಲೇ ತಾರೀಕು ಬರೆದಿಡಿ. ಕೆಲವು ತಿಂಗಳ ನಂತರ ಬಿರುಕು ಗೆರೆ ದಾಟಿದೆಯೇ ನೋಡಿದರೆ ಅದು ಬೆಳೆಯುತ್ತಿದೆಯೋ ನಿಂತಿದೆಯೋ ತಿಳಿಯುತ್ತದೆ. ಕೊಳ್ಳುವವರಿಗೆ ತೋರಿಸಲು ಇದಕ್ಕಿಂತ ಅಗ್ಗದ ಸಾಕ್ಷಿ ಇಲ್ಲ.

ಮಲೆನಾಡಿನ ಹಂಚಿನ ಮನೆಯಾದರೆ ತೊಲೆ, ಜಂತೆ, ಬಾಗಿಲ ಚೌಕಟ್ಟುಗಳ ಪರೀಕ್ಷೆಯೇ ಮುಖ್ಯ. ಹೊರಗೆ ನೋಡಲು ಗಟ್ಟಿ, ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿದರೆ ಡೊಳ್ಳಿನ ಸದ್ದು: ಗೆದ್ದಲು. ಗೋಡೆಯ ಮೇಲೆ ಹತ್ತುವ ಮಣ್ಣಿನ ಸಣ್ಣ ಗೆರೆಗಳನ್ನೂ ಗುಡಿಸಿಬಿಡುವ ಮೊದಲು ತೋರಿಸಿ.

ಈ ಪರೀಕ್ಷೆಗೆ ಒಳ್ಳೆಯ ಕಾಲ ಮಳೆಗಾಲದ ಕೊನೆ. ಬೇಸಿಗೆಯಲ್ಲಿ ಎಲ್ಲ ಮನೆಗಳೂ ಸಾಚಾ.

ಮಕ್ಕಳಿಗೂ ಇದರಲ್ಲಿ ಕೆಲಸವಿದೆ. ದಸರೆ ರಜೆಯಲ್ಲಿ ಒಂದು ನೋಟ್‌ಬುಕ್ ಕೊಟ್ಟು ಪುಟ್ಟ ಪರೀಕ್ಷಕರನ್ನಾಗಿ ಮಾಡಿ. ನೆಲದ ಮೇಲೆ ಗೋಲಿ ಬಿಟ್ಟು ಅದು ಯಾವ ಕೋಣೆಯಲ್ಲಿ ಯಾವ ಕಡೆಗೆ ಉರುಳುತ್ತದೆ ಎಂದು ಗುರುತು ಹಾಕಲಿ. ಬಚ್ಚಲಿನಲ್ಲಿ ನೀರು ಹೋಗುವ ಕಡೆಗೇ ಉರುಳಿದರೆ ಸರಿ, ಬಾಗಿಲ ಕಡೆಗೆ ಬಂದರೆ ಬರೆದಿಡಲಿ. ಮನೆಯ ನಲ್ಲಿಗಳನ್ನೆಲ್ಲ ಬಿಗಿಯಾಗಿ ನಿಲ್ಲಿಸಿ ನೀರಿನ ಮೀಟರಿನ ಮುಳ್ಳನ್ನು ಹತ್ತು ನಿಮಿಷ ನೋಡಲಿ. ಸಂಪಿಗೂ ಟ್ಯಾಂಕಿಗೂ ನೀರು ತುಂಬುತ್ತಿಲ್ಲದಿದ್ದರೂ ಮುಳ್ಳು ತಿರುಗುತ್ತಿದ್ದರೆ ಎಲ್ಲೋ ಸೋರುತ್ತಿದೆ. ಫ್ಲಶ್ ಟ್ಯಾಂಕಿಗೆ ಚೂರು ಅಡುಗೆ ಬಣ್ಣ ಹಾಕಿ ಅರ್ಧ ಗಂಟೆ ಫ್ಲಶ್ ಮಾಡದೆ ಬಿಡಿ. ಕಮೋಡಿನ ನೀರಿಗೆ ಬಣ್ಣ ಬಂದರೆ ವಾಲ್ವ್ ಕೆಟ್ಟಿದೆ ಎಂದರ್ಥ. ಕಳ್ಳನನ್ನು ಹಿಡಿದಷ್ಟು ಖುಷಿ ಪಡುತ್ತಾರೆ. ಆದರೆ ಏಣಿ, ಸಂಪಿನ ಮುಚ್ಚಳ, ಕರೆಂಟ್ ಬೋರ್ಡು ಮೂರರ ಹತ್ತಿರವೂ ಮಕ್ಕಳು ಹೋಗಕೂಡದು. ಮುಚ್ಚಿಟ್ಟ ಸಂಪಿಗಾಗಲಿ ಶೌಚಗುಂಡಿಗಾಗಲಿ ದೊಡ್ಡವರೂ ಇಳಿಯಬಾರದು. ಅಲ್ಲಿ ಉಸಿರುಗಟ್ಟಿ ಸತ್ತವರ ಸುದ್ದಿ ಪತ್ರಿಕೆಯಲ್ಲಿ ಓದುತ್ತಲೇ ಇರುತ್ತೇವೆ.

ಮಹಡಿಯ ಬಚ್ಚಲಿನ ಪರೀಕ್ಷೆ ದೊಡ್ಡವರದು. ನೀರು ಹೋಗುವ ತೂತನ್ನು ಬಟ್ಟೆಯಿಂದ ಬಿಗಿದು ಒಂದಂಗುಲ ನೀರು ನಿಲ್ಲಿಸಿ, ಒಂದು ಇಡೀ ದಿನ ಬಿಟ್ಟು ಕೆಳಗಿನ ಕೋಣೆಯ ಛಾವಣಿ ನೋಡಿ. ಕರೆಂಟಿನ ವಿಷಯದಲ್ಲಿ ಅರ್ಥಿಂಗ್ ಸರಿಯಿದೆಯೇ, ಹಳೆಯ ವೈರು ಈಗಿನ ಗೀಸರು ಎಸಿಗಳ ಹೊರೆ ತಡೆಯುತ್ತದೆಯೇ ಎಂದು ಎಲೆಕ್ಟ್ರಿಷಿಯನ್ ನೋಡಲಿ. ಆರ್‌ಸಿಸಿಬಿ ಇದ್ದರೆ ಅದರ ಟೆಸ್ಟ್ ಗುಂಡಿ ಒತ್ತಿದಾಗ ಕರೆಂಟು ಹೋಗಬೇಕು. ಹೋಗದಿದ್ದರೆ ಅದು ಅಲಂಕಾರಕ್ಕೆ ಇದೆ ಅಷ್ಟೇ.

ಕಾಗದಪತ್ರದ್ದೂ ಒಂದು ಪರೀಕ್ಷೆಯೇ. ಖಾತೆ ಇನ್ನೂ ತೀರಿಕೊಂಡ ಅಪ್ಪನ ಹೆಸರಿನಲ್ಲೇ ಇದೆಯೇ? ಕ್ರಯಪತ್ರದ ಚೆಕ್ಕುಬಂದಿಗೂ ನೆಲದ ಮೇಲಿನ ಅಳತೆಗೂ ತಾಳೆಯಾಗುತ್ತದೆಯೇ? ತಾರಸಿಯ ಮೇಲಿನ ಕೋಣೆ ಮಂಜೂರಾದ ನಕ್ಷೆಯಲ್ಲಿ ಇದೆಯೇ? ಬೆಂಗಳೂರಿನಲ್ಲಿ 2024ರ ಅಕ್ಟೋಬರ್‌ನಿಂದ ನೋಂದಣಿಗೆ ಇ-ಖಾತಾ ಬೇಕೇ ಬೇಕು. ಕೊಳ್ಳುವವರು ಸಾಲಕ್ಕೆ ಹೋದರೆ ಬ್ಯಾಂಕಿನ ವಕೀಲರೂ ಮೌಲ್ಯಮಾಪಕರೂ ಇದನ್ನೆಲ್ಲ ಕೇಳಿಯೇ ಕೇಳುತ್ತಾರೆ. ಹಳೆಯ ಸಾಲ ತೀರಿದ್ದರೂ ಋಣಭಾರ ಪತ್ರದಲ್ಲಿ ಅಡಮಾನ ಹಾಗೇ ಉಳಿದಿರುವುದು ಬಹಳ ಮನೆಗಳ ಕಥೆ.

ವರದಿ ಕೈಗೆ ಬಂದಾಗ ಗಾಬರಿಯಾಗಬೇಡಿ. ಹಳೆಯ ಮನೆಯ ವರದಿ ಹಿರಿಯರ ರಕ್ತಪರೀಕ್ಷೆಯ ಹಾಗೆ, ಒಂದಲ್ಲ ಒಂದು ಕೆಂಪು ಗುರುತು ಇದ್ದೇ ಇರುತ್ತದೆ. ಎಲ್ಲವನ್ನೂ ಸರಿಮಾಡಿಸಬೇಕಾಗಿಲ್ಲ. ಜೀವಕ್ಕೆ ಅಪಾಯವಾಗುವಂಥದ್ದು, ನೀರು ಸೋರುವಂಥದ್ದು ಇವನ್ನು ಮಾಡಿಸಿ. ಹಳೆಯ ಮೊಸಾಯಿಕ್ ನೆಲ ಕಿತ್ತು ಹೊಸ ಟೈಲ್ಸ್ ಹಾಕಿಸುವುದು, ಅಡುಗೆಮನೆ ಹೊಸದು ಮಾಡಿಸುವುದು ಬೇಡ. ಬರುವವರು ತಮ್ಮ ರುಚಿಗೆ ತಕ್ಕಂತೆ ಮತ್ತೆ ಒಡೆಯುತ್ತಾರೆ. ಮಾಡಿಸಲಾಗದ ದೊಡ್ಡ ರಿಪೇರಿಗೆ ಎಸ್ಟಿಮೇಟ್ ಬರೆಸಿಟ್ಟು, 'ಇದು ಹೀಗಿದೆ, ಇಷ್ಟು ಖರ್ಚು ಬೀಳುತ್ತೆ, ಬೆಲೆಯಲ್ಲಿ ಅದನ್ನು ಬಿಟ್ಟೇ ಹೇಳಿದ್ದೇವೆ' ಎಂದು ಮೊದಲ ದಿನವೇ ಹೇಳಿ. ಕೇಳಿ ಎದ್ದುಹೋಗುವವರು ಹೋಗಲಿ. ಉಳಿದವರು ಕರಾರಾದ ಮೇಲೆ ತಕರಾರು ತೆಗೆಯುವ ಸಂಭವ ಕಡಿಮೆ. ಹೇಳಿದ್ದನ್ನು ಕರಾರು ಪತ್ರದಲ್ಲೂ ಒಂದು ಸಾಲು ಬರೆಸಿ.

ಇನ್ನು ಒಡಹುಟ್ಟಿದವರ ವಿಷಯ. ಅಪ್ಪ ಕಟ್ಟಿಸಿದ ಮನೆ ಮಾರುವಾಗ ಅಲ್ಲೇ ಇರುವ ತಮ್ಮ 'ಮನೆ ಗುಂಡುಕಲ್ಲಿನ ಹಾಗಿದೆ' ಎನ್ನುತ್ತಾನೆ, ಬೆಂಗಳೂರಿನ ಅಣ್ಣ 'ಹಳೇದು, ನಿವೇಶನದ ಬೆಲೆಗೆ ಕೊಡೋಣ' ಎನ್ನುತ್ತಾನೆ, ಅಕ್ಕನನ್ನು ಯಾರೂ ಕೇಳುವುದಿಲ್ಲ. ಸಹಿ ಹಾಕುವಾಗ ಮಾತ್ರ ನೆನಪಾಗುತ್ತಾಳೆ. ಮೂವರಿಗೂ ಒಂದೊಂದು ಪ್ರತಿ ವರದಿ ಸಿಕ್ಕರೆ ಮಾತು ಒಂದೇ ಕಾಗದದ ಮೇಲೆ ನಡೆಯುತ್ತದೆ. ರಿಪೇರಿಯ ಖರ್ಚನ್ನು ಈಗ ಯಾರು ಹಾಕುತ್ತಾರೆ, ಮಾರಿದ ಹಣದಲ್ಲಿ ಅವರು ಮೊದಲು ಎಷ್ಟು ಹಿಂಪಡೆಯುತ್ತಾರೆ ಎಂಬುದನ್ನು ಕೆಲಸ ಶುರುವಾಗುವ ಮೊದಲೇ ಬರೆದು ಮೂವರೂ ಸಹಿ ಮಾಡಿ. ಸಿಮೆಂಟಿನ ಬಿಲ್ಲು, ಕೂಲಿಯ ಚೀಟಿ ಎಲ್ಲ ಒಂದೇ ಫೈಲಿನಲ್ಲಿರಲಿ.

ಆ ಫೈಲಿನಲ್ಲೇ ಎಂಜಿನಿಯರ್ ವರದಿ, ನೀರಿನ ಪೈಪು ಗೋಡೆಯೊಳಗೆ ಎಲ್ಲೆಲ್ಲಿ ಹೋಗಿದೆ ಎಂಬ ಕೈಬರಹದ ನಕ್ಷೆ, ಬೋರ್‌ವೆಲ್ ಇದ್ದರೆ ಅದರ ಆಳ, ಕೆಲಸಕ್ಕೆ ಬರುವ ಪ್ಲಂಬರ್ ಫೋನ್ ನಂಬರು ಎಲ್ಲವನ್ನೂ ಸೇರಿಸಿ ಕೀಲಿಕೈ ಜೊತೆ ಕೊಡಿ. ಪೇಂಟರನ್ನು ಆಮೇಲೆ ಕರೆಯಬಹುದು. ಅವರು ಬರುವ ಮುನ್ನ ಬಾಗಿಲ ಚೌಕಟ್ಟಿನ ಮೇಲೆ ಮಕ್ಕಳ ಎತ್ತರ ಗುರುತು ಹಾಕಿದ ಗೆರೆಗಳಿದ್ದರೆ ಒಂದು ಫೋಟೋ ತೆಗೆದುಕೊಳ್ಳಿ.